ಒಲ್ಲೆ ಎಂದವನಿಗೂ ಸಲ್ಲುವ ಸೇವೆ

1836ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದಾಗ ಅವರಿಗೆ 25 ವರ್ಷ. 1853ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಬಂದಾಗ 21. ಇಬ್ಬರೂ ಜರ್ಮನಿಯವರು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಳುಹಿಸಿದ ತರುಣರು. ಅವರು ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ಪತ್ರಿಕೆ ನಡೆಸಲಿಕ್ಕೂ ಅಲ್ಲ. ಇಲ್ಲಿಯ ಜನ ಕ್ರಿಸ್ತನನ್ನು ನಂಬುವಂತಾಗಬೇಕು ಎಂಬ ಉದ್ದೇಶದಿಂದ. ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಹಾಗಿದ್ದ ಮೇಲೆ ಅವರು ಮಾಡಿದ್ದನ್ನು ಸೇವೆ ಎನ್ನಬಹುದೇ? ಫಲದ ಮೇಲೆ ಕಣ್ಣಿಟ್ಟು ಮಾಡಿದ್ದು ಸೇವೆಯಾಗದು, ವ್ಯವಹಾರವಾದೀತು ಎಂಬ ತಿಳಿವಳಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಗೀತೆಯ ನಿಷ್ಕಾಮಕರ್ಮವನ್ನು, ಶರಣರ ದಾಸೋಹವನ್ನು ನೆನೆದಾಗಲೆಲ್ಲ ನಾವು ಮೊದಲು ನೋಡುವುದು ಕೊಡುವವನ ಮನಸ್ಸನ್ನು. ಆದರೆ ಮನಸ್ಸನ್ನು ತೂಗಿ ನೋಡುವ ತಕ್ಕಡಿ ಯಾರ ಕೈಯಲ್ಲಿದೆ? ಮಠದ ಅನ್ನಕ್ಕೂ ಆಸ್ಪತ್ರೆಯ ಔಷಧಿಗೂ ಹಿಂದೆ ಯಾವುದೋ ಒಂದು ಆಸೆ ಇದ್ದೇ ಇರುತ್ತದೆ: ಪುಣ್ಯದ ಆಸೆ, ಹೆಸರಿನ ಆಸೆ, ತನ್ನ ಮತ ಬೆಳೆಯಲಿ ಎಂಬ ಆಸೆ. ಆದ್ದರಿಂದ ಸೇವೆಯ ಸಾಚಾತನವನ್ನು ಕೊಟ್ಟವನ ಎದೆಯೊಳಗೆ ಹುಡುಕುವ ಬದಲು, ಅವನ ಮಾತಿಗೆ ಒಲ್ಲೆ ಎಂದವನಿಗೆ ಆ ಸೇವೆ ಎಷ್ಟು ದಕ್ಕಿತು ಎಂಬಲ್ಲಿ ಹುಡುಕಬೇಕು ಎಂದು ನನಗನಿಸುತ್ತದೆ.

ಈ ತರುಣರ ದಿನಗಳು ಹೇಗೆ ಕಳೆಯುತ್ತಿದ್ದವು ಎಂಬುದನ್ನು ನೋಡಿದರೆ ವಾದಕ್ಕೆ ಮೈ ಬರುತ್ತದೆ. ಮತಪ್ರಚಾರಕನೆಂದರೆ ಬೆಳಗಿನಿಂದ ಸಂಜೆಯವರೆಗೆ ಪ್ರಸಂಗ ಮಾಡುವವನು ಎಂಬ ಕಲ್ಪನೆ ನಮ್ಮಲ್ಲಿದೆ. ನಿಜದಲ್ಲಿ ಮೊದಲ ವರ್ಷಗಳು ಮುನ್ಶಿಯ ಎದುರು ಕುಳಿತು ಅಕ್ಷರ ತಿದ್ದುವುದರಲ್ಲೇ ಹೋಗುತ್ತಿದ್ದವು. ಮಂಗಳೂರಿನಲ್ಲಂತೂ ಕನ್ನಡ ಕಲಿತರೆ ಸಾಲದು. ಬೀದಿಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ. ಭಾಷೆಯ ಪಾಠ ಮುಗಿದರೆ ಶಾಲೆ, ಶಾಲೆ ಮುಗಿದರೆ ಪೇಟೆ, ಮಳೆ ನಿಂತ ಮೇಲೆ ಹಳ್ಳಿ ಹಳ್ಳಿ ಸುತ್ತುವ ಪಯಣ, ಜಾತ್ರೆಗಳಲ್ಲಿ ನಿಂತು ಮಾತಾಡುವುದು. ಇದೆಲ್ಲದರ ವರದಿಯನ್ನು ಬಾಸೆಲ್‌ನ ಸಮಿತಿಗೆ ತಪ್ಪದೆ ಬರೆದು ಕಳುಹಿಸಬೇಕು. ಮದುವೆಗೂ ಆ ಸಮಿತಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಸಲ ಹೆಣ್ಣು ಬರುತ್ತಿದ್ದದ್ದೂ ಹಡಗಿನಲ್ಲಿ, ಅಲ್ಲಿಂದಲೇ. ಹುಟ್ಟಿದ ಮಕ್ಕಳನ್ನು ಓದಿಗೆಂದು ಯುರೋಪಿಗೆ ಕಳುಹಿಸಿ ವರ್ಷಗಟ್ಟಲೆ ಕಾಣದೆ ಉಳಿದ ತಂದೆತಾಯಂದಿರಿದ್ದರು. ಕಿಟ್ಟೆಲ್ ಅವರ ಮೊದಲ ಪತ್ನಿ ಪೌಲಿನ್ ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ ತೀರಿಕೊಂಡರು. ಕಷ್ಟಪಟ್ಟರು ಎಂಬ ಕಾರಣಕ್ಕೆ ಅವರ ಕೆಲಸ ಸೇವೆಯಾಗುವುದಿಲ್ಲ, ನಿಜ. ದಂಡೆತ್ತಿ ಹೋದವರೂ ಕಷ್ಟಪಡುತ್ತಾರೆ. ನಾನು ಗಮನಿಸಬೇಕೆನ್ನುವುದು ಬೇರೆ. ಕಲಿಸಲೆಂದು ಬಂದವರ ದಿನದ ಬಹುಪಾಲು ಕಲಿಯುವುದಕ್ಕೇ ಹೋಯಿತು, ಕಲಿಸಿದವರು ಹೆಚ್ಚಿನಂಶ ಅವರ ಮತವನ್ನು ಒಪ್ಪದವರು.

ಆ ಕಲಿಕೆಯಿಂದ ಬಂದದ್ದೇನು? 1843ರ ಜುಲೈ 1ರಂದು ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಅದರಲ್ಲಿ ಊರಿನ ಸುದ್ದಿ, ಸರ್ಕಾರದ ನಿರೂಪ, ಬೇರೆ ರಾಜ್ಯಗಳ ವರ್ತಮಾನ, ಕಥೆ, ಗಾದೆ. ಓದಲು ಚರ್ಚಿಗೆ ಬರಬೇಕೆಂಬ ಕರಾರಿರಲಿಲ್ಲ. ಮುಂದೆ ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ ‘ಬಿಬ್ಲಿಯೋಥಿಕಾ ಕರ್ನಾಟಕ’ ಮಾಲೆ ಬಂತು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಓಲೆಗರಿಯಿಂದ ಅಚ್ಚಿಗೆ ಇಳಿದವು. ಕಿಟ್ಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದರು. 1894ರಲ್ಲಿ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು: ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕ ಪುಟಗಳು. ಅದರ ಒಂದು ಪುಟವನ್ನು ನಿಧಾನವಾಗಿ ನೋಡಬೇಕು. ಒಂದು ಶಬ್ದದ ಕೆಳಗೆ ಹಳೆಯ ಕಾವ್ಯದ ಸಾಲು ಬರುತ್ತದೆ, ಅದರ ಪಕ್ಕದಲ್ಲೇ ಹಳ್ಳಿಯವರ ಬಾಯಿಯ ಗಾದೆ, ಆಮೇಲೆ ತಮಿಳು, ತೆಲುಗು, ತುಳುಗಳ ಸೋದರ ರೂಪಗಳು. ಹೀಗೆ ಬರೆಯಬೇಕಾದರೆ ಪಂಡಿತರ ಜಗಲಿಯಲ್ಲಿ ಕೂತಿರಬೇಕು, ಸಂತೆಯಲ್ಲೂ ಕಿವಿಗೊಟ್ಟು ನಿಂತಿರಬೇಕು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಹಗುರವಾದದ್ದಲ್ಲ. ಭಾಷೆ ಕಲಿತದ್ದೂ ಪುಸ್ತಕ ಅಚ್ಚು ಹಾಕಿದ್ದೂ ಮತಾಂತರದ ಉಪಾಯವೇ. ಎದುರಾಳಿಯ ಶಾಸ್ತ್ರ ತಿಳಿಯದೆ ಅವನೊಡನೆ ವಾದ ಮಾಡಲಾಗದು. ನಮಗೆ ಸಿಕ್ಕಿದ್ದು ಅವರ ಬಲೆಯಿಂದ ಜಾರಿ ಬಿದ್ದ ಮೀನು, ಅಷ್ಟೆ. ಆರಂಭದ ಮಟ್ಟಿಗೆ ಈ ಮಾತು ಸರಿ. ಆದರೆ ಪ್ರಸಂಗ ಮಾಡಲು ಬೇಕಾದ ಕನ್ನಡಕ್ಕೆ ಕೇಶಿರಾಜನ ಸೂತ್ರ ಬೇಡ, ನಾಗವರ್ಮನ ಗಣಲೆಕ್ಕವೂ ಬೇಡ. ಬಲೆ ಹೆಣೆಯುವವನು ಬೇಕಾದಷ್ಟೇ ಹೆಣೆಯುತ್ತಾನೆ. ಕಿಟ್ಟೆಲ್ ಅಲ್ಲಿಗೆ ನಿಲ್ಲಲಿಲ್ಲ, ಆ ಕಾರಣಕ್ಕಾಗಿ ಮಿಷನ್ನಿನ ಒಳಗೆ ಅವರ ಹಾದಿ ಸುಗಮವಾಗಲೂ ಇಲ್ಲ. ಜನರನ್ನು ಕರೆತರುವ ಲೆಕ್ಕದಲ್ಲಿ ಅವರ ದುಡಿಮೆ ದೊಡ್ಡದಾಗಿ ಕಾಣಲಿಲ್ಲ. ಉದ್ದೇಶಕ್ಕೆ ಬೇಕಾದುದನ್ನು ಮೀರಿ, ಉದ್ದೇಶಕ್ಕೆ ಅಡ್ಡಿಯಾದರೂ ಬಿಡದೆ ಮಾಡಿದ ಕೆಲಸವನ್ನು ಉಪಾಯ ಎಂದು ಕರೆದು ಮುಗಿಸಲಾಗದು. ಮನುಷ್ಯ ಒಂದು ಆಸೆಯಿಂದ ಹೊರಟು, ದಾರಿಯಲ್ಲಿ ಎದುರಾದವರ ಮೇಲಿನ ಪ್ರೀತಿಯಿಂದ ಆ ಆಸೆಯನ್ನು ದಾಟಿ ಹೋಗುವುದು ಸಾಧ್ಯ. ಅದನ್ನು ಒಪ್ಪದಿದ್ದರೆ ಧರ್ಮಜೀವನದಲ್ಲಿ ಬೆಳವಣಿಗೆ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಆದರೆ ಅದೇ ಅಳತೆಗೋಲು ಬಾಸೆಲ್ ಮಿಷನ್ನಿನ ಎಲ್ಲ ಕೆಲಸವನ್ನೂ ಪಾರು ಮಾಡುವುದಿಲ್ಲ. 1844ರಲ್ಲಿ ಮಂಗಳೂರಿನ ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಆನಂದರಾವ್ ತಮ್ಮ ಮನಸ್ಸಿಗೆ ತಕ್ಕ ದಾರಿ ಹಿಡಿದರು, ಅದು ಅವರ ಹಕ್ಕು. ಆದರೆ ಕೈಹಿಡಿದ ಹೆಂಡತಿ ಅವರ ಜೊತೆ ಹೋಗಲಿಲ್ಲ. ಮಗನನ್ನು ಓದಲು ಕಳುಹಿಸಿ ಕಳೆದುಕೊಂಡೆವು ಎಂದು ಸಂಕಟಪಟ್ಟ ಮನೆಯವರಿಗೆ ಆ ಶಾಲೆ ಸೇವೆಯಾಗಿ ಕಂಡಿರಲಾರದು. ಕೈಗಾರಿಕೆಯದು ಇನ್ನೂ ತೊಡಕಿನ ಸಂಗತಿ. ಮತ ಬದಲಿಸಿದವರನ್ನು ಜಾತಿ ಹೊರಗೆ ಹಾಕಿತು, ಕುಲಕಸುಬು ಕೈತಪ್ಪಿತು. ಅವರಿಗೆ ಅನ್ನದ ದಾರಿ ತೋರಿಸಲೇಬೇಕಾಗಿ ಮಿಷನ್ ಮಗ್ಗ ಹಾಕಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಕರುಣೆಯಿಂದಲೇ ಮಾಡಿದ್ದು, ಮಾಡದಿದ್ದರೆ ಕ್ರೌರ್ಯವಾಗುತ್ತಿತ್ತು. ಆದರೂ ಅನ್ನ ಮತ್ತು ನಂಬಿಕೆ ಒಂದೇ ಬಾಗಿಲಿನಿಂದ ಸಿಗುವಂತಾದರೆ ಬಡವನ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಏಳುತ್ತದೆ. ಆ ಹಂಚು ಕರಾವಳಿಯ ಎಲ್ಲ ಜಾತಿಯವರ ಮಾಡಿನ ಮೇಲೆ ಕೂತಿತು. ಕೂಲಿ ಮಾತ್ರ ಮೊದಮೊದಲು ಹೆಚ್ಚಾಗಿ ಒಪ್ಪಿದವರ ಮನೆಗೆ ಹೋಯಿತು. ಹಂಚನ್ನು ಸೇವೆ ಎನ್ನಲು ನನಗೆ ಅಳುಕಿಲ್ಲ, ಕೂಲಿಯ ವಿಷಯದಲ್ಲಿ ಅಷ್ಟು ಧೈರ್ಯ ಸಾಲದು.

ಕಂಪನಿ ಸರ್ಕಾರದ ನೆರಳನ್ನೂ ಮರೆಯುವಂತಿಲ್ಲ. 1833ರ ಕಾಯಿದೆ ಬ್ರಿಟನ್ನಿನ ಹೊರಗಿನ ಮಿಷನ್ನುಗಳಿಗೂ ಬಾಗಿಲು ತೆರೆಯದಿದ್ದರೆ 1834ರಲ್ಲಿ ಬಾಸೆಲ್‌ನ ಮೊದಲ ಮೂವರು ಇಲ್ಲಿಗೆ ಕಾಲಿಡುತ್ತಿರಲಿಲ್ಲ. ಇದು ಅವರ ಸೇವೆಯನ್ನು ಅಳಿಸುವುದಿಲ್ಲ, ಅದರ ಹೊಣೆಯನ್ನು ಹೆಚ್ಚಿಸುತ್ತದೆ. ನನಗೆ ಹೆಚ್ಚು ತೂಕದ್ದಾಗಿ ಕಾಣುವ ಆಕ್ಷೇಪ ನಂಬಿಕೆಯುಳ್ಳ ಕ್ರೈಸ್ತನದು. ಆತ್ಮದ ರಕ್ಷಣೆಗಿಂತ ದೊಡ್ಡ ಸೇವೆ ಯಾವುದು? ಅದನ್ನು ಬದಿಗಿಟ್ಟು ನಿಘಂಟನ್ನು ಮೆಚ್ಚುವುದೆಂದರೆ ಊಟ ಬಡಿಸಿದವನನ್ನು ಬಿಟ್ಟು ಎಲೆಯನ್ನು ಹೊಗಳಿದ ಹಾಗಲ್ಲವೇ? ಈ ಮಾತಿನ ಹಿಂದಿರುವ ಕಳಕಳಿಯನ್ನು ಗೌರವಿಸುತ್ತೇನೆ. ತನಗೆ ಅಮೂಲ್ಯವೆಂದು ಕಂಡದ್ದನ್ನು ಇನ್ನೊಬ್ಬನಿಗೆ ಹೇಳುವುದು ತಪ್ಪಲ್ಲ. ಹೇಳದಿರುವುದೇ ಉಪೇಕ್ಷೆ ಎಂದು ಅವನಿಗನಿಸಿದರೆ ಅದೂ ಸಹಜ. ಆದರೆ ಹೇಳಿದ್ದನ್ನು ತಳ್ಳಿಹಾಕುವ ಹಕ್ಕು ಕೇಳಿದವನಿಗೆ ಪೂರ್ತಿಯಾಗಿ ಇರಬೇಕು, ತಳ್ಳಿಹಾಕಿದ ಮಾರನೆಯ ದಿನವೂ ಶಾಲೆಯ ಬಾಗಿಲು ಅವನ ಮಗುವಿಗೆ ತೆರೆದಿರಬೇಕು. ಸುವಾರ್ತೆಯಲ್ಲಿ ಕ್ರಿಸ್ತ ಗುಣಪಡಿಸಿದ ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ಆರೋಗ್ಯವನ್ನು ಆತ ಹಿಂದಕ್ಕೆ ಪಡೆಯಲಿಲ್ಲ.

ಇಂದಿಗೂ ತರುಣರು ಹೊರದೇಶಗಳಿಗೆ ಹೋಗುತ್ತಿದ್ದಾರೆ. ಅಮೆರಿಕದ ಮಾರ್ಮನ್ ಪಂಥದಲ್ಲಿ ಹುಡುಗರು 18ಕ್ಕೇ ಹೊರಡಬಹುದು. ಅವರಿಗೆ ಎರಡು ವರ್ಷ, ಹುಡುಗಿಯರಿಗೆ ಹದಿನೆಂಟು ತಿಂಗಳು. ಕಿಟ್ಟೆಲ್ ಕಾಲದಲ್ಲಿ ಭಾಷೆ ನಾಲಿಗೆಗೆ ಹತ್ತುವ ಹೊತ್ತಿಗೇ ಈ ಅವಧಿ ಮುಗಿದುಹೋಗುತ್ತಿತ್ತು. ನಮ್ಮ ಮಠಗಳೂ ಆಶ್ರಮಗಳೂ ಚರ್ಚುಗಳೂ ಈಗ ಎಳೆಯರನ್ನು ದೂರದ ನಾಡುಗಳಿಗೆ, ಕಾಡಿನ ಹಾಡಿಗಳಿಗೆ ಸೇವೆಗೆಂದು ಕಳುಹಿಸುತ್ತವೆ. ಅವರನ್ನು ಕಳುಹಿಸುವ ಹಿರಿಯರಲ್ಲಿ ನನ್ನದೊಂದು ಕೋರಿಕೆ: ಎಷ್ಟು ಜನರನ್ನು ನಮ್ಮ ಕಡೆಗೆ ತಂದೆ ಎಂದು ಆ ಮಕ್ಕಳನ್ನು ಕೇಳಬೇಡಿ. ಅಲ್ಲಿಯ ಮಾತು ಕಲಿಯಲು ಸಮಯ ಕೊಡಿ. ನಿನಗೆ ಒಲ್ಲೆ ಎಂದವರಿಗಾಗಿ ಏನು ಮಾಡಿದೆ ಎಂದು ಕೇಳಿ.