ಹೊಣೆ ಯಾರದು?

ಹತ್ತು ವರ್ಷದ ಹುಡುಗನೊಬ್ಬ ಕಲ್ಲೆಸೆದು ಅಂಗಡಿಯ ಗಾಜು ಒಡೆದರೆ ಅದು ತುಂಟತನವೋ, ಅಪರಾಧವೋ? ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ಇದರ ಉತ್ತರ ಒಂದೂವರೆ ವರ್ಷದೊಳಗೆ ಎರಡು ಬಾರಿ ಬದಲಾಯಿತು. 2023ರಲ್ಲಿ ಕ್ರಿಮಿನಲ್ ಹೊಣೆಗಾರಿಕೆಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದರು. 2024ರಲ್ಲಿ ಹೊಸ ಸರ್ಕಾರ ಅದನ್ನು ಮತ್ತೆ 10ಕ್ಕೆ ಇಳಿಸಿತು. ಈ ನಡುವೆ ಮಕ್ಕಳ ಬುದ್ಧಿಯೇನೂ ಬಲಿತಿರಲಿಲ್ಲ.

ಕಾನೂನಿನಲ್ಲಿ ಯಾವ ಜನಾಂಗದ ಹೆಸರೂ ಇಲ್ಲ. ಆದರೂ ಅಲ್ಲಿನ ಬಂಧನ ಕೇಂದ್ರಗಳಲ್ಲಿರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೂಲನಿವಾಸಿಗಳು. ಡಾರ್ವಿನ್ನಿನ ಡಾನ್ ಡೇಲ್ ಕೇಂದ್ರದಲ್ಲಿ ಮಕ್ಕಳ ಮೇಲೆ ಅಶ್ರುವಾಯು ಪ್ರಯೋಗಿಸಿದ ದೃಶ್ಯಗಳು 2016ರಲ್ಲಿ ಟಿವಿಯಲ್ಲಿ ಪ್ರಸಾರವಾದವು. ಮರುವರ್ಷ ರಾಯಲ್ ಕಮಿಷನ್ ಆ ಕೇಂದ್ರವನ್ನು ಮುಚ್ಚಬೇಕು, ವಯಸ್ಸಿನ ಮಿತಿಯನ್ನು 12ಕ್ಕೆ ಏರಿಸಬೇಕು ಎಂದು ಶಿಫಾರಸು ಮಾಡಿತು.

ಕನ್ನಡದ 'ಹೊಣೆ' ಎಂಬ ಪದಕ್ಕೆ ಎರಡು ಮುಖಗಳಿವೆ. ಮಗುವಿನ ಹೊಣೆ ಹೊರುವುದು ಒಂದು, ಮಗುವನ್ನೇ ಹೊಣೆ ಮಾಡುವುದು ಇನ್ನೊಂದು. ಮೊದಲನೆಯದನ್ನು ನಿಭಾಯಿಸದವರಿಗೆ ಎರಡನೆಯದರ ಅಧಿಕಾರ ಎಲ್ಲಿಂದ ಬರುತ್ತದೆ? ಇಪ್ಪತ್ತನೇ ಶತಮಾನದ ಬಹುಭಾಗ ಆಸ್ಟ್ರೇಲಿಯಾದ ಸರ್ಕಾರಗಳು 'ರಕ್ಷಣೆ'ಯ ಹೆಸರಿನಲ್ಲಿ ಮೂಲನಿವಾಸಿ ಮಕ್ಕಳನ್ನು ತಾಯಂದಿರ ಮಡಿಲಿನಿಂದ ಕಿತ್ತುಕೊಂಡವು. 1997ರ ವರದಿ ಆ ಕತೆಯನ್ನು ದೇಶದ ಮುಂದಿಟ್ಟಿತು. 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಇಂದು ಕಟಕಟೆಯಲ್ಲಿ ನಿಲ್ಲುವವರಲ್ಲಿ ಹಾಗೆ ಕಳೆದುಹೋದವರ ಮೊಮ್ಮಕ್ಕಳೂ ಇದ್ದಾರೆ. ಮನೆ ಒಡೆದವರೇ ನ್ಯಾಯಪೀಠದಲ್ಲಿ ಕೂತು 'ನಿನಗೆ ಸರಿತಪ್ಪು ತಿಳಿಯದೇ?' ಎಂದು ಕೇಳಿದಂತಾಯಿತು.

ಗಾಜು ಕಳೆದುಕೊಂಡ ಅಂಗಡಿಯವನ ನಷ್ಟ ನಿಜ, ಅವನ ಭಯವೂ ನಿಜ. ಹತ್ತರಿಂದ ಹದಿನಾಲ್ಕರೊಳಗಿನ ಮಗುವಿಗೆ ತನ್ನ ಕೃತ್ಯ ಘೋರ ತಪ್ಪೆಂದು ಗೊತ್ತಿತ್ತು ಎಂಬುದನ್ನು ಪ್ರಾಸಿಕ್ಯೂಷನ್ ಸಾಬೀತುಪಡಿಸಬೇಕು ಎಂಬ ಹಳೆಯ ನಿಯಮವೂ ಆ ದೇಶದ ಕಾನೂನಿನಲ್ಲಿದೆ. ಆದರೆ ಆ ಪ್ರಶ್ನೆ ಏಳುವುದು ವಿಚಾರಣೆಯಲ್ಲಿ. ಬಂಧನ, ಪೊಲೀಸ್ ವ್ಯಾನು, ಬೀಗ ಹಾಕಿದ ಕೋಣೆ ಇವೆಲ್ಲ ಅದಕ್ಕೂ ಮೊದಲೇ ಬರುತ್ತವೆ. ನಿರಪರಾಧಿ ಎಂದು ತೀರ್ಪು ಬಂದರೂ ಕೋಣೆಯಲ್ಲಿ ಕಳೆದ ರಾತ್ರಿಗಳು ಮಗುವಿಗೆ ಮರಳಿ ಸಿಗುವುದಿಲ್ಲ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2019ರಲ್ಲಿ, ಈ ವಯಸ್ಸು ಕನಿಷ್ಠ 14 ಇರಲಿ ಎಂದಿತು. ಹದಿನಾಲ್ಕಕ್ಕೆ ಏರಿಸಿದರೆ ತಪ್ಪು ಒಪ್ಪಾಗುವುದಿಲ್ಲ. ಅಂಗಡಿಯವನಿಗೆ ಪರಿಹಾರ ಕೊಡಬಹುದು, ಮಗುವನ್ನು ಅದರ ಅಜ್ಜಿಯ, ಸಮುದಾಯದ ಹಿರಿಯರ ಜೊತೆ ಕೂರಿಸಿ ತಿದ್ದಬಹುದು. ಇದಕ್ಕೆ ಯಾವುದಕ್ಕೂ ಮಗುವನ್ನು ಅಪರಾಧಿ ಎಂದು ಕರೆಯಬೇಕಾಗಿಲ್ಲ. ಹಾಗೆ ಕರೆಯುವುದರಿಂದ ಹಗುರಾಗುವುದು ಹಿರಿಯರ ಹೊಣೆ ಮಾತ್ರ.