ಅಚ್ಚುಕಟ್ಟು

ಹಬ್ಬದ ಹಿಂದಿನ ದಿನ ನಮ್ಮ ಮನೆಯ ಹಿತ್ತಾಳೆ ಸಾಮಾನೆಲ್ಲ ಹಿತ್ತಲಿಗಿಳಿಯುತ್ತದೆ. ದೀಪದ ಕಂಬ, ಗಂಟೆ, ಆರತಿ ತಟ್ಟೆ, ಅತ್ತೆಯವರ ಕಾಲದ ಚೊಂಬು. ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗಿಟ್ಟಾಗ ಅವು ಹೊಳೆಯುವುದನ್ನು ನೋಡಿದರೆ ಸೊಂಟನೋವು ಮರೆತುಹೋಗುತ್ತದೆ. ಹೊಳೆಯುವ ಹಿತ್ತಾಳೆಯೆಂದರೆ ಒಳ್ಳೆಯದು, ಮಂಗಳಕರವಾದದ್ದು ಎಂಬ ಭಾವನೆ ಚಿಕ್ಕಂದಿನಿಂದ ನನ್ನಲ್ಲಿ ಕೂತುಬಿಟ್ಟಿದೆ. ಅದು ಅಲುಗಾಡಿದ್ದು 2019ರಲ್ಲಿ, ಅಮೆರಿಕದ ಒಂದು ಕಾರು ಶೆಡ್ಡಿನಲ್ಲಿ.

ಆ ವರ್ಷ ಬೇಸಿಗೆ ರಜೆಗೆ ಒಂದಿಷ್ಟು ಗಳಿಕೆ ರಜೆಯನ್ನೂ ಸೇರಿಸಿಕೊಂಡು ಮಗಳ ಬಾಣಂತನಕ್ಕೆ ಹೋಗಿದ್ದೆ. ಒಹಾಯೋ ರಾಜ್ಯದ ಕೊಲಂಬಸ್ ನಗರದ ಹೊರಗೆ ಅವರ ಮನೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬರು ಒಂಟಿಯಾಗಿದ್ದರು. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದು ನಿವೃತ್ತರಾದವರು. ಒಂದು ಸಂಜೆ ಮಗುವನ್ನು ಮಲಗಿಸಿ ಹೊರಗೆ ಬಂದೆ. ಅವರ ಶೆಡ್ಡಿನ ಬಾಗಿಲು ಮೇಲೆತ್ತಿತ್ತು. ಮೇಜಿನ ಮೇಲೆ ಸಾಲುಸಾಲಾಗಿ ಪುಟ್ಟ ಹಿತ್ತಾಳೆ ಬಟ್ಟಲುಗಳು. ಕುಂಕುಮದ ಭರಣಿಗಳೇನೋ ಅಂದುಕೊಂಡೆ. ನಾನು ನೋಡುತ್ತ ನಿಂತದ್ದನ್ನು ಕಂಡು ಅವರೇ ಕರೆದು ತೋರಿಸಿದರು. ಅವು ರಿವಾಲ್ವರಿನ ಖಾಲಿ ತೋಟಾಗಳು.

ಗುಂಡು ಹಾರಿದ ಮೇಲೆ ಸೀಸ ಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಬುಡದ ಕೇಪು ಚಚ್ಚಿಹೋಗುತ್ತದೆ. ಹಿತ್ತಾಳೆಯ ತೋಟಾ ಮಾತ್ರ ಉಳಿಯುತ್ತದೆ. ಅದನ್ನೇ ಮತ್ತೆ ಮತ್ತೆ ತುಂಬಿ ಬಳಸುವ ಹವ್ಯಾಸ ಅಲ್ಲಿ ಬಹಳ ಜನಕ್ಕಿದೆ. ನಮ್ಮಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲವಂತೆ.

ನಿಜ ಹೇಳುತ್ತೇನೆ, ಅವರ ಕೆಲಸ ನೋಡಿ ನನಗೆ ಮೆಚ್ಚುಗೆಯೇ ಆಯಿತು. ಮೆಕ್ಕೆಜೋಳದ ದಿಂಡಿನ ತರಿ ತುಂಬಿದ ಯಂತ್ರದಲ್ಲಿ ತೋಟಾಗಳನ್ನು ಹಾಕಿ ತಾಸುಗಟ್ಟಲೆ ಹೊರಳಾಡಿಸಿ ಹೊಳಪು ಬರಿಸಿದ್ದರು. ನಾಲ್ಕೈದನ್ನು ಅಂಗೈಯಲ್ಲಿ ಕುಲುಕಿ ಕಿವಿಗೊಡುತ್ತಿದ್ದರು. ಸಂತೆಯಲ್ಲಿ ನಾವು ಮಡಕೆ ತಟ್ಟಿ ನೋಡುತ್ತೇವಲ್ಲ, ಹಾಗೆ. ಬಾಯಿ ಬಿರಿತ ತೋಟಾದ ಸದ್ದು ಒಡಕು. ಅಂಥದ್ದನ್ನು ಯಾರೂ ತಪ್ಪಿ ಬಳಸದಿರಲೆಂದು ಇಕ್ಕಳದಿಂದ ಚಪ್ಪಟೆ ಮಾಡಿ ಎಸೆಯುತ್ತಿದ್ದರು. ಉಳಿದವನ್ನು ಉಕ್ಕಿನ ಅಚ್ಚಿಗೆ ಒತ್ತಿ, ಉರಿಯ ಒತ್ತಡಕ್ಕೆ ಹಿಗ್ಗಿದ ಮೈಯನ್ನು ಮೊದಲಿನ ಅಳತೆಗೆ ತರುತ್ತಿದ್ದರು.

ಆಮೇಲೆ ಉದ್ದದ ಪರೀಕ್ಷೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರ ಬೀರುವಿನಲ್ಲಿರುವ ವರ್ನಿಯರ್ ಕ್ಯಾಲಿಪರಿನಂಥದೇ ಸಾಧನ. ಆ .38 ಸ್ಪೆಷಲ್ ಎಂಬ ತೋಟಾದ ಉದ್ದ 1.155 ಅಂಗುಲ ಮೀರಕೂಡದು. ಮೀರಿದ್ದನ್ನು, ಸಮವಿಲ್ಲದ್ದನ್ನು ಕೈಯಿಂದ ತಿರುಗಿಸುವ ಪುಟ್ಟ ಯಂತ್ರಕ್ಕೆ ಕೊಟ್ಟು 1.145 ಅಂಗುಲಕ್ಕೆ ಹೆರೆಯುತ್ತಾರೆ. ಎರಡಕ್ಕೂ ವ್ಯತ್ಯಾಸ ಕಾಲು ಮಿಲಿಮೀಟರ್! ಹೆರೆದ ಮೇಲೆ ಬಾಯಂಚಿನ ತರಿಯನ್ನು ಒಳಗಿನಿಂದಲೂ ಹೊರಗಿನಿಂದಲೂ ಸವರಿ ನುಣುಪು ಮಾಡಬೇಕು. ಬಳೆಯ ಅಂಚು ಚುಚ್ಚದಂತೆ ಉಜ್ಜಿದ ಹಾಗೆ.

ಇಷ್ಟೆಲ್ಲ ಏಕೆಂದು ಕೇಳಿದೆ. ಕೊನೆಯಲ್ಲಿ ತೋಟಾದ ಬಾಯಂಚನ್ನು ಸೀಸದ ಗುಂಡಿನ ಸುತ್ತಲಿನ ಗೀರಿಗೆ ಮಡಚಿ ಹಿಡಿಸಬೇಕಂತೆ. ಕರ್ಜಿಕಾಯಿಯ ಅಂಚು ಒತ್ತಿದಂತೆ ಎಂದು ನಾನು ಅರ್ಥಮಾಡಿಕೊಂಡೆ. ಉದ್ದ ಒಂದೇ ಇಲ್ಲದಿದ್ದರೆ ಒಂದರ ಮಡಿಕೆ ಬಿಗಿ, ಇನ್ನೊಂದರದು ಸಡಿಲ. ಸಡಿಲವಾದದ್ದು ಪಕ್ಕದ ಗುಂಡು ಹಾರಿದಾಗಿನ ಹಿಂದೊತ್ತಿಗೆ ಮೆಲ್ಲಗೆ ಮುಂದೆ ಜರುಗಿ, ತಿರುಗುವ ಉರುಳೆಯನ್ನೇ ಸಿಕ್ಕಿಸಿಬಿಡಬಹುದು. ಬಂದೂಕಿನ ತೋಟಾಗಳಷ್ಟು ಇವು ಉದ್ದವಾಗುವುದಿಲ್ಲ, ಅನೇಕರು ಇವನ್ನು ಹೆರೆಯುವ ಗೋಜಿಗೇ ಹೋಗುವುದಿಲ್ಲ ಎಂದೂ ಅವರೇ ಹೇಳಿದರು. "ಮತ್ತೆ ನೀವೇಕೆ?" ಎಂದೆ. "ಮಾಡುವ ಕೆಲಸ ಸರಿಯಾಗಿರಬೇಕು" ಎಂದರು. ಈ ಮಾತನ್ನು ಎಷ್ಟು ಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ ನಾನು!

ಅದೇ ವಾರ, ಮೇ 7ರಂದು, ಕೊಲರಾಡೋ ರಾಜ್ಯದ ಒಂದು ಶಾಲೆಯಲ್ಲಿ ಗುಂಡು ಹಾರಿತು. ಒಬ್ಬ ವಿದ್ಯಾರ್ಥಿ ಸತ್ತ, ಎಂಟು ಮಂದಿ ಗಾಯಗೊಂಡರು. ಟಿವಿಯ ಮುಂದೆ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದವಳಿಗೆ ಪಕ್ಕದ ಮನೆಯ ಹಿತ್ತಾಳೆಯ ಸಾಲು ಕಣ್ಣಮುಂದೆ ಬಂತು. ಆ ಮುದುಕರಿಗೂ ಅದಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಪ್ರಶ್ನೆ ಬಿಡಲಿಲ್ಲ. ಕೆಲಸ ಅಚ್ಚುಕಟ್ಟಾಗಿದ್ದರೆ ಅಷ್ಟಕ್ಕೇ ಅದು ಒಳ್ಳೆಯ ಕೆಲಸವೇ? ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಕೆಲಸಗಾರನ ಲೆಕ್ಕಕ್ಕೆ ಸೇರಿದ್ದಲ್ಲವೇ?

ಎರಡು ದಿನ ಬಿಟ್ಟು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ. ಕಾಗದದ ಗುರಿಗೆ ಹೊಡೆಯುವುದಷ್ಟೇ ತಮ್ಮ ಹವ್ಯಾಸ ಎಂದರು. ಆಮೇಲೆ ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ನಾನು ತುಂಬಿದ್ದನ್ನು ಯಾರಿಗೂ ಕೊಡುವುದಿಲ್ಲ. ಮಗ ಕೇಳಿದರೂ ಕೊಟ್ಟಿಲ್ಲ. ಬೇರೆಯವರು ತುಂಬಿದ್ದನ್ನು ನಾನು ಹೊಡೆಯುವುದೂ ಇಲ್ಲ. ನನ್ನ ಕೈಯ ತಪ್ಪಿದ್ದರೆ ಅದು ನನ್ನ ಕೈಯಲ್ಲೇ ಸಿಡಿಯಲಿ." ತೋಟಾ ತುಂಬುವವರಲ್ಲಿ ಇದು ಹಳೆಯ ಕಟ್ಟಳೆಯಂತೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು 1998ರ ಒಂದು ಮಧ್ಯಾಹ್ನ.

ಆಗ ಶಾಲೆಯಲ್ಲಿ ಟಿ.ಸಿ. ಬರೆಯುವ ಕೆಲಸ ನನ್ನದು. ನನ್ನ ಅಕ್ಷರ ಮುತ್ತಿನಂತಿದೆ ಎಂದು ಮುಖ್ಯೋಪಾಧ್ಯಾಯರು ಅದನ್ನು ನನಗೇ ವಹಿಸಿದ್ದರು. ಒಂದು ಕಾಟಿಲ್ಲ, ಒಂದು ತಿದ್ದಿಲ್ಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ತಂದೆ ಬಂದು ಟಿ.ಸಿ. ಕೇಳಿದರು. ಅವರ ಪಕ್ಕದಲ್ಲಿ ಹೊಸ ಶರಟು ತೊಟ್ಟ ಇನ್ನೊಬ್ಬ ಗಂಡಸು. ಹುಡುಗಿ ಬಾಗಿಲ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದಳು. ನನಗೆ ತಿಳಿಯಲಿಲ್ಲವೆಂದು ಈಗಲೂ ಹೇಳಲಾರೆ. ಹೆಣ್ಣಿನ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿ 1978ರಲ್ಲೇ ಕಾಯ್ದೆ ತಿದ್ದಿದ್ದನ್ನು ಅದೇ ತರಗತಿಗೆ ಸಮಾಜ ಪಾಠದಲ್ಲಿ ಹೇಳಿದವಳು ನಾನೇ. ಆದರೆ ಅಂದು ನನ್ನ ಗಮನವೆಲ್ಲ ಜನ್ಮದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ತಪ್ಪಿಲ್ಲದೆ ಬರೆಯುವುದರ ಮೇಲಿತ್ತು. 'ಶಾಲೆ ಬಿಡಲು ಕಾರಣ' ಎಂಬ ಕಲಂ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ 'ಪೋಷಕರ ಕೋರಿಕೆಯ ಮೇರೆಗೆ' ಎಂದು ದುಂಡಗೆ ಬರೆದೆ. ಶಾಯಿ ಹರಡದಂತೆ ಒತ್ತುಕಾಗದ ಒತ್ತಿ, ಮೊಹರು ಹಾಕಿಸಿ ಕೊಟ್ಟೆ. ಹುಡುಗಿ ತಲೆಯೆತ್ತಿ ಒಮ್ಮೆ ನೋಡಿದಳು. ನಾನು ಮುಂದಿನ ಕಾಗದ ಎತ್ತಿಕೊಂಡೆ.

ಆಮೇಲೆ ಅವಳೇನಾದಳೋ ವಿಚಾರಿಸಲಿಲ್ಲ. ಅದು ನನ್ನ ಮೇಜಿನ ಆಚೆಯ ಸಂಗತಿ ಎಂದುಕೊಂಡಿದ್ದೆ. ಆ ಮುದುಕರು ತುಂಬಿದ ತೋಟಾ ಅವರ ಕೈ ಬಿಟ್ಟು ಹೋಗುವುದಿಲ್ಲ. ನಾನು ತುಂಬಿದ್ದು ಹದಿನಾಲ್ಕು ವರ್ಷದ ಹುಡುಗಿಯ ಬದುಕಿನಲ್ಲಿ ಸಿಡಿಯಿತು. ನನ್ನ ಬೆರಳಿಗೆ ಬಿಸಿ ಸಹ ತಾಗಲಿಲ್ಲ.

ಶರಣರದು ಸತ್ಯಶುದ್ಧ ಕಾಯಕ ಎಂದು ಪಾಠ ಹೇಳುತ್ತೇವೆ. ಆ ಮಾತನ್ನು ಎಷ್ಟೋ ವರ್ಷ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದೆ. ಈಗ ನಡುವೆ ನಿಲ್ಲುತ್ತೇನೆ. ಸತ್ಯ ಬೇರೆ, ಶುದ್ಧ ಬೇರೆ. ನಾನು ಬರೆದ ಟಿ.ಸಿ. ಶುದ್ಧವಾಗಿತ್ತು, ಸತ್ಯವಾಗಿರಲಿಲ್ಲ. ಹೆಂಗಸರಾದ ನಮಗೆ ಚಿಕ್ಕಂದಿನಿಂದ ಶುದ್ಧವನ್ನು ಚೆನ್ನಾಗಿ ಕಲಿಸುತ್ತಾರೆ. ರಂಗೋಲಿಯ ಎಳೆ ವಕ್ರವಾಗಬಾರದು, ರೊಟ್ಟಿ ದುಂಡಗಿರಬೇಕು, ಸೆರಗು ಜಾರಬಾರದು. ಯಾತಕ್ಕೆ, ಯಾರಿಗಾಗಿ ಎಂದು ಕೇಳುವುದನ್ನು ಕಲಿಸುವುದಿಲ್ಲ. ಅಚ್ಚುಕಟ್ಟಿನ ಹಿಂದೆ ಅಡಗಿಕೊಳ್ಳುವುದು ಅದಕ್ಕೇ ನಮಗೆ ಇಷ್ಟು ಸುಲಭ.

ಹಾಗೆಂದು ಆ ಮುದುಕರ ವಿಷಯ ನನಗೆ ಪೂರ್ತಿ ಬಗೆಹರಿದಿದೆ ಎಂದಲ್ಲ. ಕೊಲ್ಲಬಲ್ಲ ವಸ್ತುವನ್ನು ಅಷ್ಟು ಪ್ರೀತಿಯಿಂದ ಸವರುವುದು ಈಗಲೂ ನನಗೆ ಇರುಸುಮುರುಸು. ಆದರೆ ತನ್ನ ಕೆಲಸದ ಬೆನ್ನ ಹಿಂದೆ ಕೊನೆಯವರೆಗೂ ಹೋಗುವ ಅವರ ಕಟ್ಟಳೆಯ ಮುಂದೆ ನನ್ನ ಮುತ್ತಿನಂಥ ಅಕ್ಷರ ಚಿಕ್ಕದಾಗಿ ಕಂಡಿತು.

ಕಳೆದ ವರ್ಷ ಇನ್ನೊಬ್ಬ ತಂದೆ ಟಿ.ಸಿ.ಗೆ ಬಂದರು. ಕಾರಣದ ಕಲಂಗೆ ಬಂದಾಗ ಪೆನ್ನಿಗೆ ಕ್ಯಾಪು ಹಾಕಿದೆ. "ಮಗಳನ್ನು ಕರೆದುಕೊಂಡು ಬನ್ನಿ, ಅವಳನ್ನೇ ಕೇಳಿ ಬರೆಯುತ್ತೇನೆ" ಎಂದೆ. ಮಾತು ಬೆಳೆಯಿತು. ಮಕ್ಕಳ ಸಹಾಯವಾಣಿ 1098ರ ಹೆಸರೂ ಬಂತು. ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ, ಗಣಿತದಲ್ಲಿ ತೀರಾ ಹಿಂದು. ಎಲ್ಲ ಸಲವೂ ಹೀಗಾಗುವುದಿಲ್ಲವೆಂದು ನನಗೆ ಗೊತ್ತು. ಟಿ.ಸಿ. ಪುಸ್ತಕದ ಆ ಹಾಳೆ ಮಾತ್ರ ಅರ್ಧ ಬರೆದು, ಕಾಟು ಹೊಡೆದು, ಪಕ್ಕದಲ್ಲಿ 'ರದ್ದು' ಎಂದು ಗೀಚಿ ಹಾಗೇ ಇದೆ. ನಾನು ಬರೆದವುಗಳಲ್ಲೆಲ್ಲ ಅದೇ ಅತ್ಯಂತ ಕೊಳಕಾದ ಹಾಳೆ.