ಬೈಗುಳದ ಹೆಸರು

ನಮ್ಮೂರು ಸೂಳೆಕೆರೆ ಪಕ್ಕದಲ್ಲಿದೆ. ಬೋರ್ಡಿನಲ್ಲಿ ಬರೆಯೋದು ಶಾಂತಿಸಾಗರ ಅಂತ. ಜನ ಹೇಳುವ ಕಥೆ ಹೀಗಿದೆ: ಮನೆ ಬಿಟ್ಟು ಹೋಗಿದ್ದ ರಾಜಕುಮಾರಿ ಶಾಂತವ್ವ ವಾಪಸ್ ಬಂದಾಗ ಅಪ್ಪ "ಸೂಳೆ" ಅಂತ ಬೈದನಂತೆ. ಪ್ರಾಯಶ್ಚಿತ್ತಕ್ಕೆ ಅವಳು ಈ ಕೆರೆ ಕಟ್ಟಿಸಿದಳಂತೆ. ಇವತ್ತಿಗೂ ಆ ನೀರಲ್ಲಿ ಸಾವಿರಾರು ಎಕರೆ ಗದ್ದೆ, ತೋಟ ಬೆಳೀತವೆ. ಬೈಗುಳ ಮಾತ್ರ ಹೋಗಿಲ್ಲ.

ದೀಪಾವಳಿಗೆ ಹೋದಾಗ ಪಕ್ಕದ್ಮನೆ ದೊಡ್ಡಮ್ಮ ಬಂದು ಕೂತರು. "ತಮ್ಮಾ, ನಮ್ಮ ಹುಡುಗನಿಗೆ ನಿಮ್ಮ ಕಂಪನೀಲಿ ಏನಾದ್ರೂ ಕೆಲಸ ಕೊಡ್ಸಪ್ಪ" ಅಂದ್ರು. ಹುಡುಗನಿಗೆ ಹತ್ತೊಂಬತ್ತು. ಗಾಂಜಾ ಸೇದಿ ಸಿಕ್ಕಿಬಿದ್ದು ಕೇಸಾಗಿದೆ, ಬೇಲ್ ಮೇಲೆ ಹೊರಗಿದ್ದಾನೆ. ಅದಕ್ಕೂ ಮುಂಚೆ ಅವ್ವನ ಕಿವಿಯೋಲೆ ಮಾರಿದ್ದ.

"ನೋಡ್ತೀನಿ" ಅಂದೆ. ನೋಡೋಕೆ ಏನೂ ಇರಲಿಲ್ಲ. ನಮ್ಮ ಆಫೀಸಿನ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರ್ಮಲ್ಲಿ ಕ್ರಿಮಿನಲ್ ಕೇಸಿಗೆ ಒಂದು ಕಾಲಂ ಇದೆ. ಅದೇ ಆಫೀಸಿನ ಗೆಳೆಯನೊಬ್ಬ ಇದೇ ಚಟಕ್ಕೆ ಬಿದ್ದಾಗ ಮನೆಯವರು ದುಡ್ಡು ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ನಾವೆಲ್ಲ ಅದನ್ನ "ಹೆಲ್ತ್ ಇಶ್ಯೂ" ಅಂದ್ವಿ. ದುಡ್ಡಿದ್ದವನಿಗೆ ಕಾಯಿಲೆ, ಇಲ್ಲದವನಿಗೆ ಕೇಸು.

ಆ ರಾತ್ರಿ ಕಾನೂನು ತೆಗೆದು ಓದಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ 39ನೇ ಸೆಕ್ಷನ್ ಪ್ರಕಾರ, ತಪ್ಪಿತಸ್ಥ ವ್ಯಸನಿ ಒಪ್ಪಿದರೆ ಕೋರ್ಟು ಅವನ ವಯಸ್ಸು, ನಡತೆ ನೋಡಿ, ಶಿಕ್ಷೆ ವಿಧಿಸುವ ಬದಲು ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು. 64ಎ ಇನ್ನೂ ಮುಂದೆ ಹೋಗುತ್ತೆ: ಬರೀ ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಾಗಿದ್ದು, ವ್ಯಸನಿ ತಾನಾಗಿ ಚಿಕಿತ್ಸೆ ಪಡೆದರೆ ಅವನನ್ನ ಶಿಕ್ಷೆಗೆ ಗುರಿಮಾಡುವಂತಿಲ್ಲ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನ ವಾಪಸ್ ಪಡೆಯಬಹುದು.

ತಪ್ಪು ಮಾಡಿದವನನ್ನ ಸುಮ್ಮನೆ ಬಿಟ್ಟಂಗೆ ಆಗಲ್ವಾ ಅಂತ ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ದೊಡ್ಡಮ್ಮನ ಓಲೆಗೆ ಯಾರು ಹೊಣೆ? ಆದರೆ ಯೋಚಿಸಿ, ಜೈಲಲ್ಲಿ ಅವನು ದಿನ ಎಣಿಸಿದರೆ ಸಾಕು. ಚಿಕಿತ್ಸೆಯಲ್ಲಿ ಹಾಗಾಗಲ್ಲ. ನಿದ್ದೆ ಬರದ ರಾತ್ರಿಗಳಲ್ಲೂ "ಬೇಡ" ಅನ್ನಬೇಕು, ಮತ್ತೆ ಅವ್ವನ ಮುಖ ನೋಡಬೇಕು. ಓಲೆಯ ಲೆಕ್ಕ ಚುಕ್ತಾ ಆಗೋದು ಅವನು ದುಡಿಯೋ ಹಂಗಾದ ಮೇಲೇ. ಮಾರೋರ ಜೊತೆ ಒಂದೇ ಕೋಣೇಲಿ ಕೂಡಿಹಾಕಿದರೆ ಅವನು ಕಲಿಯೋದು ಬೇರೇನೇ.

ಬೆಳಿಗ್ಗೆ ದೊಡ್ಡಮ್ಮನಿಗೆ ಹೇಳಿದೆ: "ವಕೀಲರ ಹತ್ರ ಈ ಸೆಕ್ಷನ್ ಬಗ್ಗೆ ಕೇಳೋಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸೋಕೇ ಒಂದು ವಿಭಾಗ ಇದೆ. ನಮ್ಮನೇಲೇ ಇರ್ಲಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಸ್ಪತ್ರೆಗೆ ಹಾಕಿದ್ರೆ ಜನ ಏನಂತಾರಪ್ಪ?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ಇಷ್ಟು ದೊಡ್ಡ ಕೆರೆ ಕಟ್ಟಿಸಿಕೊಟ್ಟವಳಿಗೇ ಬೈಗುಳ ಉಳಿಸಿದ ಊರು ನಮ್ಮದು. ಆ ಕಾಲಂ ಬಗ್ಗೆ ಎಚ್‌ಆರ್ ಹತ್ರ ಮಾತಾಡಬೇಕು ಅಂದುಕೊಂಡೇ ಬಸ್ ಹತ್ತಿದೆ. ಇನ್ನೂ ಮಾತಾಡಿಲ್ಲ.